ಭತ್ತದ ಡಿಎಸ್‌ಟಿ ಜೀನ್ ಕತ್ತರಿಸುವುದು: ಗೈಡ್‌ನಿಂದ ಉಪ್ಪುನೀರಿನ ಪರೀಕ್ಷೆಯವರೆಗೆ

ಬರ ತಾಳುವ ಭತ್ತ ಬೇಕೆಂದರೆ ಹೊಸ ಜೀನ್ ತಂದು ಸೇರಿಸಲೇಬೇಕೆಂದಿಲ್ಲ, ಇರುವ ಒಂದನ್ನು ಕೆಡಿಸಿದರೂ ಆಗುತ್ತದೆ. ಡಿಎಸ್‌ಟಿ (ಡ್ರಾಟ್ ಅಂಡ್ ಸಾಲ್ಟ್ ಟಾಲರೆನ್ಸ್, ಅಂದರೆ ಬರ ಮತ್ತು ಉಪ್ಪು ಸಹನೆ) ಅಂಥ ಜೀನ್. ಎಲೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ, ಹೀಗಾಗಿ ಪತ್ರರಂಧ್ರಗಳು ತೆರೆದೇ ಇರುತ್ತವೆ. ಜೀನ್ ಕೆಟ್ಟರೆ ರಂಧ್ರಗಳ ಸಂಖ್ಯೆ ತಗ್ಗುತ್ತದೆ, ಇದ್ದವೂ ಬೇಗ ಮುಚ್ಚಿಕೊಂಡು ನೀರು ಉಳಿಯುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010 ತಳಿಯಲ್ಲಿ ಇದೇ ಜೀನನ್ನು ತಿದ್ದಿ ಮಾಡಿದ್ದು.

ಗೈಡ್ ಎಂದರೆ ಡಿಎನ್‌ಎ ಕತ್ತರಿಸುವ ಕ್ಯಾಸ್9 ಪ್ರೋಟೀನನ್ನು ಸರಿಯಾದ ಜಾಗಕ್ಕೆ ಕರೆದೊಯ್ಯುವ ಆರ್‌ಎನ್‌ಎ ತುಣುಕು. ಅದನ್ನು ಆರಿಸುವ ಮುನ್ನ ನಿಮ್ಮದೇ ತಳಿಯಲ್ಲಿ ಆ ಜೀನಿನ ಡಿಎನ್‌ಎ ಅಕ್ಷರಗಳನ್ನು ಓದಿಸಿ. ಡೇಟಾಬೇಸಿನಲ್ಲಿ ಸುಲಭವಾಗಿ ಸಿಗುವುದು ಜಪಾನಿನ ನಿಪ್ಪೊನ್‌ಬಾರೆ ತಳಿಯ ಅನುಕ್ರಮ. ನಮ್ಮ ಇಂಡಿಕಾ ತಳಿಯಲ್ಲಿ ಒಂದೇ ಅಕ್ಷರ ಬೇರೆಯಿದ್ದರೂ ಗೈಡ್ ಕೂರದೇ ಹೋಗಬಹುದು. ಜೀನಿನಲ್ಲಿ ಪ್ರೋಟೀನಿನ ಆರಂಭದ ಭಾಗಕ್ಕೆ ಸೇರಿದ, ಎನ್‌ಜಿಜಿ (ಯಾವುದಾದರೂ ಒಂದು ಅಕ್ಷರ, ಆಮೇಲೆ ಎರಡು ಜಿ; ಇದಿದ್ದರೇ ಕ್ಯಾಸ್9 ಕತ್ತರಿಸುವುದು) ಪಕ್ಕದ 20 ಅಕ್ಷರ ಆರಿಸಿ. ಯು3 ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಬಳಸುವುದಾದರೆ ಗೈಡ್ 'ಎ'ಯಿಂದ, ಯು6 ಆದರೆ 'ಜಿ'ಯಿಂದ ಶುರುವಾಗಬೇಕು. ಕ್ಯಾಸ್9ಗೆ ಜೋಳದ ಯುಬಿಕ್ವಿಟಿನ್ ಪ್ರಮೋಟರ್ ಚೆನ್ನಾಗಿ ಒಗ್ಗುತ್ತದೆ (ಮೆಕ್ಕೆಜೋಳದ್ದು, ಬಿಳಿಜೋಳದ್ದಲ್ಲ).

ಬಹಳ ಜನ ಸೋಲುವುದು ಗೈಡ್‌ನಲ್ಲಲ್ಲ, ಕ್ಯಾಲಸ್‌ನಲ್ಲಿ, ಅಂದರೆ ಕಾಳಿನಿಂದ ಬೆಳೆಸುವ, ಸಸಿಯಾಗಬಲ್ಲ ಕೋಶಗಳ ಗಡ್ಡೆಯಲ್ಲಿ. ಸಿಪ್ಪೆ ತೆಗೆದ ಕಾಳನ್ನು ಶೇ 70ರ ಎಥನಾಲಿನಲ್ಲಿ ಒಂದು ನಿಮಿಷ, ಆಮೇಲೆ ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಅಲುಗಿಸಿ ಶುದ್ಧಗೊಳಿಸಿ, ಐದಾರು ಸಲ ಸ್ಟೆರೈಲ್ ನೀರಿನಲ್ಲಿ ತೊಳೆಯಿರಿ. ಲೀಟರಿಗೆ 2 ಮಿ.ಗ್ರಾಂ 2,4-ಡಿ (ಸಸ್ಯ ಹಾರ್ಮೋನಿನಂಥ ರಾಸಾಯನಿಕ) ಇರುವ ಮಾಧ್ಯಮದಲ್ಲಿ, 28 ಡಿಗ್ರಿಯ ಕತ್ತಲಲ್ಲಿ ಮೂರು ವಾರ ಇಡಿ. ತಿಳಿಹಳದಿ, ಒಣಗಿದಂತಿರುವ, ಗಂಟುಗಂಟಾದ ತುಣುಕು ಮಾತ್ರ ಇಟ್ಟುಕೊಳ್ಳಿ. ಬೆಳ್ಳಗೆ ಲೋಳೆಯಾಗಿರುವುದು ಎಷ್ಟೇ ದಪ್ಪ ಬೆಳೆದಿದ್ದರೂ ಎಸೆಯಿರಿ, ಅದರಿಂದ ಸಸಿ ಬರುವುದಿಲ್ಲ.

ಗೈಡ್ ಮತ್ತು ಕ್ಯಾಸ್9ರ ಡಿಎನ್‌ಎಯನ್ನು ಗಿಡದ ಕೋಶಕ್ಕೆ ದಾಟಿಸುವ ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂ. ಅದರ ಇಎಚ್‌ಎ105 ಬಗೆಯನ್ನು ತೆಳುವಾಗಿ, 600 ನ್ಯಾನೋಮೀಟರಿನ ಬೆಳಕಿನಲ್ಲಿ ಸಾಂದ್ರತೆ 0.1ರಿಂದ 0.2 ತೋರುವಷ್ಟು ಕಲಕಿ, ಬ್ಯಾಕ್ಟೀರಿಯಾವನ್ನು ಈ ಕೆಲಸಕ್ಕೆ ಪ್ರಚೋದಿಸುವ ಅಸಿಟೋಸಿರಿಂಗೋನ್ 100 ಮೈಕ್ರೋಮೋಲಾರ್ ಸೇರಿಸಿ ಕ್ಯಾಲಸನ್ನು 15-20 ನಿಮಿಷ ನೆನೆಸಿ. ಬಳಿಕ ಫಿಲ್ಟರ್ ಕಾಗದದ ಮೇಲೆ ಚೆನ್ನಾಗಿ ಒತ್ತಿ ಒಣಗಿಸಿ. ಇಲ್ಲಿ ಅವಸರ ಮಾಡಿದರೆ ಮೂರನೇ ದಿನ ತಟ್ಟೆ ತುಂಬ ಬ್ಯಾಕ್ಟೀರಿಯಾ ಹಬ್ಬಿರುತ್ತದೆ. ಕ್ಯಾಲಸನ್ನು ಬ್ಯಾಕ್ಟೀರಿಯಾದ ಜೊತೆಗಿಡುವ ಮೂರು ದಿನ 25 ಡಿಗ್ರಿ ದಾಟಬಾರದು. ಬಿಸಿ ಹೆಚ್ಚಿದಷ್ಟೂ ಡಿಎನ್‌ಎ ದಾಟಿಸುವ ಬ್ಯಾಕ್ಟೀರಿಯಾದ ವ್ಯವಸ್ಥೆ ದುರ್ಬಲವಾಗುತ್ತದೆ. ನಂತರ ಲೀಟರಿಗೆ 250 ಮಿ.ಗ್ರಾಂ ಸೆಫೊಟಾಕ್ಸಿಮ್ (ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್) ಇರುವ ನೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಿರಿ.

ಹೊಸ ಡಿಎನ್‌ಎ ಸೇರದ ಕ್ಯಾಲಸನ್ನು ಕೊಂದು ಸೇರಿದ್ದನ್ನು ಉಳಿಸುವ ಆಯ್ಕೆಗೆ ಹೈಗ್ರೊಮೈಸಿನ್ ಲೀಟರಿಗೆ 50 ಮಿ.ಗ್ರಾಂ ಎಂದು ಎಲ್ಲರೂ ಬರೆಯುತ್ತಾರೆ. ಅದು ಜಪೋನಿಕಾಕ್ಕೆ ಸರಿ. ಕೆಲವು ಇಂಡಿಕಾ ತಳಿಗಳ ಕ್ಯಾಲಸ್ 30ರಲ್ಲೇ ಕಪ್ಪಾಗುತ್ತದೆ, ಆದ್ದರಿಂದ ಮೊದಲು 20, 30, 40, 50ರಲ್ಲಿ ಬರೀ ಕ್ಯಾಲಸ್ ಇಟ್ಟು ನೋಡಿ. ಎರಡೆರಡು ವಾರದ ಎರಡು ಸುತ್ತು ಉಳಿದ ತುಣುಕುಗಳನ್ನು ಕೈನೆಟಿನ್, ಎನ್‌ಎಎ ಎಂಬ ಸಸ್ಯ ಹಾರ್ಮೋನುಗಳಿರುವ ಎಂಎಸ್ ಪೋಷಕ ಮಾಧ್ಯಮಕ್ಕೆ, ದಿನಕ್ಕೆ 16 ಗಂಟೆ ಬೆಳಕಿಗೆ ತನ್ನಿ. ಹಸಿರು ಮೊಳೆಯದಿದ್ದರೆ ಕ್ಯಾಲಸನ್ನು ಒಣ ಫಿಲ್ಟರ್ ಕಾಗದದ ಮೇಲೆ ಒಂದು ದಿನ ಬಾಡಿಸಿ ನೋಡಿ. ಇಂಡಿಕಾದಲ್ಲಿ ಇದು ಹಲವು ಸಲ ಫಲ ಕೊಡುತ್ತದೆ. ಬೇರು ಬಂದ ಸಸಿಯನ್ನು ಅಗಾರ್ ಪೂರ್ತಿ ತೊಳೆದು ಕುಂಡಕ್ಕೆ ಹಾಕಿ, ಒಂದು ವಾರ ಪಾಲಿಥಿನ್ ಮುಚ್ಚಿ. ಬೇರಿಗಂಟಿದ ಸಕ್ಕರೆಯ ಅಗಾರಿನಲ್ಲಿ ಬೂಷ್ಟು ಹಿಡಿಯುತ್ತದೆ.

ಗುರಿಯ ಸುತ್ತಲಿನ 500 ಅಕ್ಷರಗಳಷ್ಟನ್ನು ಪಿಸಿಆರ್ ಮಾಡಿ (ಆ ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸಿ) ಓದಿಸಿ. ಮೂರು, ಆರು ಅಕ್ಷರಗಳ ಅಳಿವು ಬಂದರೆ ಹಿಗ್ಗಬೇಡಿ, ಮೂರು ಮೂರು ಅಕ್ಷರಗಳಾಗಿ ಜೀನ್ ಓದುವ ಓದುಚೌಕಟ್ಟು ಕೆಡದೆ ಪ್ರೋಟೀನ್ ಇನ್ನೂ ಕೆಲಸ ಮಾಡುತ್ತಿರಬಹುದು. ಒಂದು, ಎರಡು, ನಾಲ್ಕರ ಅಳಿವು ಹುಡುಕಿ. ಮುಂದಿನ ಪೀಳಿಗೆಯಲ್ಲಿ ಕ್ಯಾಸ್9 ಕಳಚಬೇಕು. ಅದು ಒಂದೇ ಕಡೆ ಸೇರಿದ್ದರೆ ನಾಲ್ಕರಲ್ಲಿ ಒಂದು ಸಸಿ ಅದಿಲ್ಲದೆ ಹುಟ್ಟುತ್ತದೆ. ತಾಯಿ ಗಿಡದಲ್ಲಿ ಒಂದು ಪ್ರತಿ ಮಾತ್ರ ಬದಲಾಗಿದ್ದರೆ ಎರಡೂ ಪ್ರತಿ ಬದಲಾಗಿ ಕ್ಯಾಸ್9 ಕೂಡ ಇಲ್ಲದ ಸಸಿ ಸಿಗುವುದು ಹದಿನಾರಕ್ಕೆ ಒಂದು, ಅಂದರೆ 50 ಸಸಿಗಳನ್ನಾದರೂ ಪರೀಕ್ಷಿಸಬೇಕು. ಭಾರತದಲ್ಲಿ ಪರಿಸರ ಸಚಿವಾಲಯದ 2022ರ ಮಾರ್ಚ್ 30ರ ಜ್ಞಾಪನಪತ್ರ ಹೊರಗಿನ ಡಿಎನ್‌ಎ ಉಳಿಯದ ಇಂಥ ಗಿಡಗಳನ್ನು ಜೀನ್ ಮಾರ್ಪಡಿಸಿದ ಜೀವಿಗಳ ಕುರಿತ 1989ರ ನಿಯಮಾವಳಿಯ 7ರಿಂದ 11ರ ನಿಯಮಗಳಿಂದ ಹೊರಗಿಟ್ಟಿದೆ. ಆದರೆ ಉಳಿದಿಲ್ಲವೆಂಬ ಪುರಾವೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಇರಬೇಕು, ಅಲ್ಲಿಯವರೆಗೆ ಗಿಡ ಮುಚ್ಚಿದ ಹಸಿರುಮನೆಯಿಂದ ಆಚೆ ಬರುವಂತಿಲ್ಲ.

ಬರದ ಪರೀಕ್ಷೆಯನ್ನು ಕಣ್ಣಳತೆಯಲ್ಲಿ ಮಾಡಬೇಡಿ. ದೊಡ್ಡ ಗಿಡ ಬೇಗ ನೀರು ಕುಡಿದು ಮೊದಲು ಬಾಡುತ್ತದೆ. ಸಣ್ಣ ಗಿಡ ಹಸಿರಾಗಿ ನಿಂತರೆ ಅದನ್ನೇ ಸಹನೆ ಎಂದು ಎಣಿಸಿಬಿಡುತ್ತೇವೆ. ದಿನವೂ ಕುಂಡ ತೂಗಿ, ಎಲ್ಲದರಲ್ಲೂ ಮಣ್ಣಿನ ತೇವ ಒಂದೇ ಮಟ್ಟಕ್ಕೆ ಇಳಿಸಿ. ಉಪ್ಪಿನ ಪರೀಕ್ಷೆಗೆ ಯೊಶಿಡಾ ದ್ರಾವಣದಲ್ಲಿ (ಮಣ್ಣಿಲ್ಲದೆ ಭತ್ತ ಬೆಳೆಸುವ ಪೋಷಕ ನೀರು) ಮೊದಲು ಮೂರು ದಿನ ಮೀಟರಿಗೆ 6, ಬಳಿಕ 12 ಡೆಸಿಸೀಮೆನ್ಸ್ ವಿದ್ಯುತ್ ವಾಹಕತೆ ಬರುವಷ್ಟು ಉಪ್ಪು ಹಾಕಿ, ಪಿಎಚ್ 5ರಲ್ಲಿಡಿ. ಪಕ್ಕದಲ್ಲಿ ತಿದ್ದದ ಮೂಲ ತಳಿಯ ಜೊತೆಗೆ ಸಹಿಷ್ಣು ಪೊಕ್ಕಾಲಿ, ಸೂಕ್ಷ್ಮ ಐಆರ್29 ಎರಡೂ ಇರಲಿ. ಐಆರ್29 ಸಾಯದೆ ಉಳಿದರೆ ಉಪ್ಪು ಸಾಲಲಿಲ್ಲ, ಪೊಕ್ಕಾಲಿಯೂ ಸತ್ತರೆ ಹೆಚ್ಚಾಯಿತು. ಎರಡರಲ್ಲಿ ಯಾವುದು ಆದರೂ ಆ ಸುತ್ತಿನ ಅಂಕಗಳನ್ನು ಬಿಟ್ಟುಬಿಡಿ.