ಜಡಿಮಳೆಯಲ್ಲಿ ಉಲ್ಲಂಕಿಯ ಬಾಲ: ನನ್ನ ಅನುಭವ

ಡಿಸೆಂಬರ್‌ನ ಸೈಕ್ಲೋನ್ ಜಡಿಯಲ್ಲಿ ಕೆರೆಗೆ ಹೋಗುತ್ತೇನೆ ಅಂದಾಗಲೆಲ್ಲ ಚಿಕ್ಕಮಗಳೂರಿನ ನಮ್ಮ ಹಕ್ಕಿ ಬಳಗದವರು ನಗುತ್ತಿದ್ದರು. "ಹಕ್ಕಿಗಳೇ ಮುದುರಿಕೊಂಡು ಕೂತಿರ್ತವೆ, ನೀನ್ಯಾಕೆ ನೆನೆಯೋಕೆ ಹೋಗ್ತೀಯ? ಮನೇಲಿ ಬೋಂಡಾ ತಿನ್ಕೊಂಡು ಕೂತ್ಕೊ" ಅಂತ. ಉಲ್ಲಂಕಿ, ಅಂದರೆ ಕೆಸರಲ್ಲಿ ಮೇಯುವ ಉದ್ದ ಕೊಕ್ಕಿನ ಸ್ನೈಪ್ ಹಕ್ಕಿ, ಅದರ ಮಾತು ಬಂದರಂತೂ ಮುಗೀತು. ಕೂತ ಹಕ್ಕಿಯನ್ನು ನೋಡಿ ಪಿನ್‌ಟೇಲ್ ಜಾತಿಯದೋ ಕಾಮನ್ ಜಾತಿಯದೋ ಹೇಳೋಕಾಗಲ್ಲ, ಸುಮ್ನೆ 'ಉಲ್ಲಂಕಿ' ಅಂತ ಬರೆದು ಮುಂದಕ್ಕೆ ನಡಿ ಅನ್ನೋದು ಹಿರಿಯರ ಮಾತು. ಈಗ ನನ್ನ ಹತ್ತಿರ ಬಾಲ ಬಿಚ್ಚಿದ ಫೋಟೋ ಇದೆ. ಇನ್ನು ಹೇಗೆ ಸಿಕ್ಕಿತು ಅಂತ ಹೇಳಬಹುದು ಅಲ್ವಾ.

ನನ್ನ ಲೆಕ್ಕ ಸರಳ. ಪಿನ್‌ಟೇಲ್‌ನ ಗುರುತು ಇರುವುದು ಬಾಲದ ಅಂಚಿನಲ್ಲಿ. ಕಾಮನ್‌ಗೆ ಬಾಲದಲ್ಲಿ 14 ಗರಿ ಮಾಮೂಲಿ, ಪಿನ್‌ಟೇಲ್‌ಗೆ 26ರ ಆಸುಪಾಸು. ಅಂಚಿನವು ಗುಂಡುಸೂಜಿಯಷ್ಟು ತೆಳು. ಅವು ಕಾಣಬೇಕಾದರೆ ಹಕ್ಕಿ ಬಾಲವನ್ನು ಪೂರ್ತಿ ಬಿಚ್ಚಬೇಕು. ಗರಿ ತೀಡಿಕೊಳ್ಳುವಾಗ ಬಿಚ್ಚುತ್ತದೆ. ನೆನೆದ ಹಕ್ಕಿ ಮಳೆ ನಿಂತ ಕೂಡಲೇ ಗರಿ ತೀಡಿಕೊಳ್ಳುತ್ತದೆ. ಬಿಸಿಲಿದ್ದರೆ ಹಗಲೆಲ್ಲ ಹುಲ್ಲಲ್ಲಿ ಅಡಗಿರುವ ಈ ಹಕ್ಕಿ, ಮೋಡ ಕವಿದ ದಿನ ಮಧ್ಯಾಹ್ನವೂ ಮೇಯುತ್ತದೆ. ಇನ್ನೊಂದು ಲಾಭ, ಬಿಸಿಲಿನ ಜಳ ಇರುವುದಿಲ್ಲ. ಮಾಮೂಲಿ ದಿನ ಒಂಬತ್ತೂವರೆ ಆಗುವಷ್ಟರಲ್ಲಿ ದೂರದ ಹಕ್ಕಿ ಸ್ಕೋಪಿನಲ್ಲಿ ಅಲುಗಾಡೋಕೆ ಶುರುವಾಗುತ್ತದೆ. ಜಡಿ ದಿನ ಸಂಜೆವರೆಗೂ ಚಿತ್ರ ಸ್ಪಷ್ಟ.

ಜಾಗ ಹುಡುಕುವುದರಲ್ಲೇ ಒಂದೆರಡು ಚಳಿಗಾಲ ಹೋಯಿತು. ಅಯ್ಯನಕೆರೆ ನೋಡೋಕೆ ಚೆಂದ, ಈ ಕೆಲಸಕ್ಕಲ್ಲ. ನೀರು ಜಾಸ್ತಿ, ಕೆಸರು ಕಮ್ಮಿ. ಸಿಕ್ಕಿದ್ದು ನೀರುಕಾಗೆ, ನಾಮದ ಕೋಳಿ. 2022ರ ಮಾಂಡೌಸ್ ಸೈಕ್ಲೋನ್ ಸಮಯದಲ್ಲಿ ಹಾಸನದ ಕಡೆ, ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಹೇಮಾವತಿ ಹಿನ್ನೀರಿಗೆ ಹೋದೆ. ಮರೆ ಅನ್ನೋದೇ ಇಲ್ಲ. ಗಾಳಿಗೆ ಟ್ರೈಪಾಡ್ ಎರಡು ಸಲ ಮಗುಚಿತು. ಸಿಪಿಲೆ, ಗದ್ದೆಗೊರವ ಬಿಟ್ಟರೆ ಬೇರೇನಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ರಾಮ್ಸಾರ್ ಪಟ್ಟಿಯ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಜಾಗ ಒಂದೂ ಇಲ್ಲ. ನಮ್ಮ ಪಾಲಿಗೆ ಊರ ಕೆರೆಯೇ ಪಕ್ಷಿಧಾಮ. ಕೊನೆಗೆ ಕೆಲಸಕ್ಕೆ ಬಂದದ್ದೂ ಕಡೂರು ತಾಲ್ಲೂಕಿನ ಒಂದು ಸಣ್ಣ ಕೆರೆ. ಹೆಸರು ಬೇಡ, ಮುಂದಿನ ಭಾನುವಾರವೇ ಹತ್ತು ಕ್ಯಾಮೆರಾ ಬಂದು ನಿಲ್ಲುತ್ತವೆ. ಏರಿ ಗಾಳಿಗೆ ಅಡ್ಡ ಇರಬೇಕು, ಕೆರೆ ಅಂಗಳದಲ್ಲಿ ದನ ತುಳಿದ ಕೆಸರಿರಬೇಕು, ಇಷ್ಟು ಸಾಕು.

ದುಡ್ಡು ಹಾಳಾದದ್ದು ಮಳೆಯಿಂದ ತಪ್ಪಿಸಿಕೊಳ್ಳೋಕೆ. ಎರಡು ಸಾವಿರ ಚಿಲ್ಲರೆ ಕೊಟ್ಟ ರೇನ್‌ಕೋಟ್ ಕೈ ಎತ್ತಿದರೆ ಸರಸರ ಅನ್ನುತ್ತದೆ, ಒದ್ದೆಯಾದರೆ ಹೊಳೆಯುತ್ತದೆ. ಅರವತ್ತು ಹೆಜ್ಜೆ ದೂರದಲ್ಲೇ ಟಿಟ್ಟಿಭ ಕೂಗಿ ಇಡೀ ಕೆರೆಗೆ ಡಂಗುರ ಸಾರಿತು. ಛತ್ರಿಗೆ ಹಸಿರು ಬಟ್ಟೆ ಹೊಲಿಸಿದೆ, ಗಾಳಿಗೆ ತಿರುಗಾಮುರುಗಾ. ಆನ್‌ಲೈನಲ್ಲಿ ತರಿಸಿದ ಮಡಚುವ ಟೆಂಟು ಸುಮಾರು ನಾಲ್ಕು ಸಾವಿರ. ಅದು ಮೊದಲ ಗಾಳಿಗೇ ಕೋಡಿ ಹತ್ತಿರ ಹೋಗಿ ಬಿತ್ತು. ಈಗ ಅದರಲ್ಲಿ ನಮ್ಮನೆ ನಾಯಿ ಮಲಗುತ್ತದೆ.

ಗೆದ್ದದ್ದು ತಲೆ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ. ಸಂತೆಯಲ್ಲಿ ಚೌಕಾಸಿ ಮಾಡಿ 1,200ಕ್ಕೋ 1,300ಕ್ಕೋ ತಂದ ಕರಿ ಕಂಬಳಿ. ಸದ್ದಿಲ್ಲ, ಹೊಳಪಿಲ್ಲ, ನೆನೆದರೂ ಒಳಗೆ ಬೆಚ್ಚಗೆ. ಭಾರ ಆಗುತ್ತದೆ, ಒಂದು ವಾರ ಟಗರಿನ ವಾಸನೆ ಹೋಗಲ್ಲ, ಮನೆಯವರು ಒಳಗೆ ಬಿಡಲ್ಲ. ಆದರೆ ಕೆರೆಯ ಹಕ್ಕಿಗಳು ದಿನಾ ನೋಡುವುದು ಕಂಬಳಿ ಹೊದ್ದ ದನ ಕಾಯುವವರನ್ನೇ. ಒಂದಿನ ಏರಿ ಮೇಲೆ ಬಂದ ಅಜ್ಜ ಒಬ್ಬರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಕುರಿ ಎಲ್ಲಿ ಬುಟ್ಟಿದ್ದೀಯಪ್ಪ?" ಅಂತ ಕೇಳಿದರು. ವೇಷ ಸರಿಯಾಗಿದೆ ಅಂತ ಅವತ್ತೇ ಗೊತ್ತಾಯಿತು.

ಇನ್ನೊಂದು ತೊಡಕು ಯಾರೂ ಹೇಳಿಕೊಟ್ಟಿರಲಿಲ್ಲ. ಹಕ್ಕಿ ಗಾಳಿಗೆ ಮುಖ ಮಾಡಿ ಕೂರುತ್ತದೆ. ಬಾಲ ಬೇಕಾದರೆ ನಾನು ಅದರ ಹಿಂದಿರಬೇಕು. ಆಗ ಗಾಳಿ ನನ್ನ ಮುಖಕ್ಕೆ, ಹನಿ ಲೆನ್ಸಿಗೆ. ಒರೆಸುತ್ತಾ ಕೂತರೆ ಹಕ್ಕಿ ಹೋಗಿರುತ್ತದೆ. ಪಂಪ್‌ಸೆಟ್ ಅಂಗಡಿಯಿಂದ 110 ಎಂಎಂ ಪಿವಿಸಿ ಪೈಪಿನ ಗೇಣುದ್ದದ ತುಂಡು ತಂದು ಲೆನ್ಸಿನ ಮುಂದೆ ಸಿಕ್ಕಿಸಿದೆ, ಸಂದಿಗೆ ಸೈಕಲ್ ಟ್ಯೂಬ್. ಎಲ್ಲ ಸೇರಿ ನೂರು ರೂಪಾಯಿ ಆಗಿಲ್ಲ. ಮೊದಮೊದಲು ಫೋಟೋದ ಮೂಲೆ ಕಪ್ಪಾಗುತ್ತಿತ್ತು. ಪೈಪಿನ ಬಾಯಿಯನ್ನು ಓರೆಯಾಗಿ ಕೊಯ್ದ ಮೇಲೆ ಸರಿಹೋಯಿತು. ಎಷ್ಟು ಓರೆ, ಯಾವ ಕಡೆಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಬೂಷ್ಟಿನ ಕಥೆಯೂ ಇದೆ. ಹಳೇ ಬೈನಾಕ್ಯುಲರ್‌ಗೆ ಬೂಷ್ಟು ಬಂದು, ಬೆಂಗಳೂರಲ್ಲಿ ಕ್ಲೀನ್ ಮಾಡಿಸೋಕೆ ಮೂರೂವರೆ ಸಾವಿರ ಹೋಯಿತು, ವಾಪಸ್ ಬಂದಾಗ ಒಂದು ಕಣ್ಣು ಮಬ್ಬು. ಆಮೇಲೆ ತೇವ ಹೀರೋಕೆ ಯಾವುದು ಒಳ್ಳೇದು ಅಂತ ಡಬ್ಬಿಗಳಲ್ಲಿ ಪ್ರಯೋಗ ಮಾಡಿದೆ. ಒಂದರಲ್ಲಿ ಹುರಿದ ಅಕ್ಕಿ, ಒಂದರಲ್ಲಿ ಇದ್ದಿಲು, ಒಂದರಲ್ಲಿ ಸಿಲಿಕಾ ಜೆಲ್, ಒಳಗೆ ತೇವ ತೋರಿಸುವ ಸಣ್ಣ ಮೀಟರ್. ಅಕ್ಕಿ ಎರಡೇ ದಿನಕ್ಕೆ ಸೋತಿತು. ಇದ್ದಿಲು ಪರವಾಗಿಲ್ಲ, ಆದರೆ ಮಸಿ. ಜೆಲ್ಲೇ ಗಟ್ಟಿ. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬರುತ್ತದೆ. ಅಡುಗೆ ಬಾಣಲೆ ಬೇಡ, ಬೇರೆಯದನ್ನೇ ಇಟ್ಟುಕೊಳ್ಳಿ.

ಫೋಟೋ ಸಿಕ್ಕಿದ್ದು 2024ರ ಫೆಂಗಲ್ ಸೈಕ್ಲೋನ್ ಮಳೆಯಲ್ಲಿ, ಡಿಸೆಂಬರ್ ಮೊದಲ ವಾರ. ಕಣದಲ್ಲಿ ಕಾಫಿ ಹರಡಿದವರೆಲ್ಲ ಆಕಾಶಕ್ಕೆ ಶಾಪ ಹಾಕುತ್ತಿದ್ದರು. ನಾನು ಬೆಳಗಿನ ಜಾವವೇ ಬೈಕ್ ತೆಗೆದೆ. ತೂಬಿನ ಕಲ್ಲಿಗೆ ಒರಗಿ ಕೂತು ಮೂರು ಗಂಟೆ ಆಗಿರಬೇಕು. ಬಿಳಿಹುಬ್ಬಿನ ಬಾತುಗಳು ಏರಿ ಮರೆಗೆ ಬಂದು ನಿದ್ದೆ ಹೊಡೆಯುತ್ತಿದ್ದವು. ಜವುಗು ಸೆಳೆವ ಅನ್ನೋ ಬೇಟೆ ಹಕ್ಕಿಯೊಂದು ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ಜಾಲಿ ಮೋಟಿನ ಮೇಲೆ ಕೂತಿತ್ತು, ಬಾತುಗಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ, ದನದ ಗೊರಸಿನ ಗುಂಡಿಗಳ ನಡುವೆ ಎರಡು ಉಲ್ಲಂಕಿ. ಕೊಕ್ಕು ಹೊಲಿಗೆ ಮಿಷನ್ ಸೂಜಿಯ ಹಾಗೆ ಕೆಸರಿಗೆ ಇಳಿದು ಏಳುತ್ತಿತ್ತು. ಹನಿ ನಿಂತಿತು. ಹತ್ತಿರದ್ದು ಮೈ ಕೊಡವಿ, ಒಂದು ಕಡೆ ವಾಲಿ, ಬಾಲವನ್ನು ಬೀಸಣಿಗೆ ಮಾಡಿ ಬುಡ ತೀಡೋಕೆ ಶುರು ಮಾಡಿತು. ಕಂದು ಗರಿಗಳ ಆಚೆ ಈಚೆ ಸಾಲಾಗಿ ಕಡ್ಡಿ ಕಡ್ಡಿ. ಮೂವತ್ತು ನಲವತ್ತು ಫೋಟೋ ಒತ್ತಿದೆ, ಎರಡು ಚೆನ್ನಾಗಿವೆ. ಬಳಗಕ್ಕೆ ಕಳಿಸಿದಾಗ ಹಿರಿಯರೊಬ್ಬರು ಗರಿ ಎಣಿಸಿ, ಒಂದು ದಿನ ಬಿಟ್ಟು "ಸರಿ" ಅಂತ ಒಂದೇ ಮಾತು ಹಾಕಿದರು. ಬೋಂಡಾ ಅಂದವರು ಕಂಬಳಿ ಎಲ್ಲಿ ಸಿಗುತ್ತೆ ಅಂತ ಕೇಳಿದರು.

ಈ ವಿಧಾನ ಎಣಿಕೆಗೆ ಆಗಲ್ಲ. ಜನವರಿಯ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್‌ಗೆ (ನೀರುಹಕ್ಕಿಗಳ ಗಣತಿ) ಬಿಸಿಲಿರುವ ದಿನವೇ ಹೋಗಿ. ಜಡಿಯಲ್ಲಿ ಆಚೆ ದಡವೇ ಕಾಣಲ್ಲ, ಬಾತುಗಳು ಒಂದರ ಹಿಂದೊಂದು ಒತ್ತಿ ಕೂತು ಅರ್ಧಕ್ಕರ್ಧ ಲೆಕ್ಕ ತಪ್ಪುತ್ತದೆ. ನೋಟ್‌ಬುಕ್‌ಗೆ ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ.