24 ಬಿಟ್ ಪೆಟ್ಟಿಗೆ ತಂದಿದ್ದೀರಾ? ಗೇನ್ ತಗ್ಗಿಸಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು 24 ಬಿಟ್ ಎಂದು ಕೇಳಿ ಕೇಳಿ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಕೊಳ್ಳುತ್ತಾರೆ. ತಂದ ಮೇಲೆ ಮಾತ್ರ ಕೆಂಪು ದೀಪ ಹೊತ್ತುವವರೆಗೆ ಗೇನ್, ಅಂದರೆ ಮೈಕಿನ ದನಿ ಹಿಗ್ಗಿಸುವ ಗುಂಡಿ, ತಿರುಗಿಸುತ್ತಾರೆ. ಎಷ್ಟು ಸಲ ನೋಡಿದ್ದೇನೋ!

ಮೊದಲು ಸಾಫ್ಟ್‌ವೇರ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಆರಿಸಿ. 192ರ ಆಸೆ ಬೇಡ, ಡಿಸ್ಕ್ ತುಂಬುತ್ತದೆ ಅಷ್ಟೇ.

ಈಗ ಗೇನ್. ಮೈಕಿನಿಂದ ಬರುವ ವೋಲ್ಟೇಜನ್ನು ಎಡಿಸಿ ಚಿಪ್ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಅಳತೆಪಟ್ಟಿಯಲ್ಲಿ ಎಷ್ಟು ಗೆರೆ ಇವೆ ಎಂಬುದೇ ಬಿಟ್ ಡೆಪ್ತ್. 16 ಬಿಟ್‌ನಲ್ಲಿ 65,536 ಗೆರೆ. 24ರಲ್ಲಿ 1.67 ಕೋಟಿಗೂ ಜಾಸ್ತಿ. ಹಿಡಿಯಬಲ್ಲ ಅತಿ ಮೆಲು ದನಿಗೂ ಅತಿ ಜೋರು ದನಿಗೂ ಇರುವ ಅಂತರದಲ್ಲಿ ಒಂದು ಬಿಟ್ ಅಂದರೆ ಸುಮಾರು 6 ಡೆಸಿಬೆಲ್. ಲೆಕ್ಕದಲ್ಲಿ 24 ಬಿಟ್‌ಗೆ 144 ಡೆಸಿಬೆಲ್ ಬರಬೇಕು. ಆದರೆ ಸರ್ಕ್ಯೂಟಿಗೂ ತನ್ನದೇ ಸದ್ದು ಇರುತ್ತದಲ್ವಾ, ಹಾಗಾಗಿ ಒಳ್ಳೆಯ ಪೆಟ್ಟಿಗೆಯಲ್ಲೂ ಸಿಗುವುದು 120ರ ಆಸುಪಾಸು. ಕೆಳಗಿನ ನಾಲ್ಕು ಬಿಟ್‌ಗಳಲ್ಲಿ ಬರೀ ಸರ್ಕ್ಯೂಟಿನ ಸದ್ದು. ಆದರೂ ಚಿಂತೆಯಿಲ್ಲ, ನಿಮ್ಮ ಕೋಣೆಯ ಫ್ಯಾನಿನ ಸದ್ದು ಅದಕ್ಕಿಂತ ಎಷ್ಟೋ ಜೋರು.

ಹಾಡಿನ ಅತಿ ಎತ್ತರದ ಸಾಲನ್ನೇ ಹಾಡಿಸಿ ನೋಡಿ. ಪಲ್ಲವಿ ಗುನುಗಿಸಿ ಗೇನ್ ಇಟ್ಟರೆ ಕೆಟ್ಟಿರಿ. ನಾನೂ ಒಮ್ಮೆ ಹಾಗೆ ಮಾಡಿ, ಚರಣ ಪೂರ್ತಿ ಒಡೆದು, ಮತ್ತೆ ಹಾಡಿ ಎಂದು ಬೇಡಿಕೊಂಡಿದ್ದೆ. ಮೀಟರಿನಲ್ಲಿ ಸೊನ್ನೆ ಅಂದರೆ ಚಿಪ್ ಅಳೆಯಬಲ್ಲ ಗರಿಷ್ಠ ಮಟ್ಟ; ಅದು ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ. ಹೋಗುವುದು ಎರಡೇ ಬಿಟ್. ಸೊನ್ನೆ ಮುಟ್ಟಿತೋ, ಅಲೆಯ ತುದಿ ಕತ್ತರಿಸಿಹೋಗುತ್ತದೆ. ಆಮೇಲೆ ಸಾಫ್ಟ್‌ವೇರ್‌ನ ಫೇಡರ್ (ದನಿ ಏರಿಳಿಸುವ ಜಾರುಗುಂಡಿ) ಇಳಿಸಿ ಪ್ರಯೋಜನವಿಲ್ಲ, ಒಡೆದದ್ದು ಚಿಪ್‌ನಲ್ಲೇ. ಪೆಟ್ಟಿಗೆಯ ಮೇಲಿನ ಗುಂಡಿಯನ್ನೇ ಇಳಿಸಬೇಕು.

‘32 ಬಿಟ್ ಫ್ಲೋಟ್ ಹಾಕಿದ್ದೀನಿ, ಒಡೆಯಲ್ಲ’ ಅನ್ನುವವರಿದ್ದಾರೆ. ಸೊನ್ನೆ ದಾಟಿದ ದನಿಯನ್ನೂ ಬರೆದಿಡಬಲ್ಲ ಫೈಲ್ ಬಗೆ ಅದು. ಫೈಲ್ ಫ್ಲೋಟ್ ಆದರೆ ಸಾಲದು, ಯಂತ್ರವೂ ಅದಕ್ಕೆ ತಕ್ಕಂತಿರಬೇಕು. ಒಂದೇ ಮೈಕಿಗೆ ಎರಡು ಎಡಿಸಿ ಇಟ್ಟು, ಒಂದರಲ್ಲಿ ಮೆಲುದನಿ, ಇನ್ನೊಂದರಲ್ಲಿ ಜೋರುದನಿ ಹಿಡಿಯುವ ರೆಕಾರ್ಡರ್‌ಗಳಿವೆ. ಅಂಥದ್ದು ನಿಮ್ಮಲ್ಲಿದ್ದರೆ ಮಾತ್ರ ಆ ಧೈರ್ಯ.

ಎಡಿಟಿಂಗ್, ಮಿಕ್ಸಿಂಗ್ ಮುಗಿಯುವವರೆಗೆ 24 ಇಳಿಸಬೇಡಿ. ಸಿಡಿಗೆ 16 ಬಿಟ್ ಬೇಕಾದಾಗ ಕಟ್ಟಕಡೆಗೆ, ಒಂದೇ ಸಲ, ಡಿದರ್ ಹಾಕಿ ಇಳಿಸಿ. ಡಿದರ್ ಅಂದರೆ ಬೇಕಂತಲೇ ಬೆರೆಸುವ ಚೂರು ಗದ್ದಲ. ಅದಿಲ್ಲದೆ 8 ಬಿಟ್ ಕತ್ತರಿಸಿದರೆ, ತಂಬೂರಿ ಮೆಲ್ಲಗೆ ಅಡಗುವಲ್ಲಿ ಕರಕರ ಕೇಳಬಹುದು.

ಹಳೆಯ 16 ಬಿಟ್ ಹಾಡನ್ನು 24ಕ್ಕೆ ‘ಏರಿಸುವ’ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಬರೀ 24ಕ್ಕೆ ಏರಿಸಿದರೆ ಪ್ರತಿ ಅಳತೆಯ ಕೊನೆಗೆ ಎಂಟು ಸೊನ್ನೆ ಸೇರುತ್ತವೆ, ಅಷ್ಟೇ.