ಸ್ವಿಚ್ಚಿನ ಲೈಟು ಉಲ್ಟಾ ಹತ್ತುತ್ತಿತ್ತು: ಮೂರು ಭಾನುವಾರ ತಿಂದ ಕಪ್ಪು ವೈರು

ನಮ್ಮದು ಹಳೇ ಗಾಡಿ, ಏರ್‌ಬ್ಯಾಗ್ ಗೀರ್‌ಬ್ಯಾಗ್ ಏನೂ ಇಲ್ಲ. ಊರು ಸಕಲೇಶಪುರದ ಕಡೆ, ಮಳೆಗಾಲದಲ್ಲಿ ಸಂಜೆ ಆದ್ರೆ ಎದುರಿಗಿರೋ ರಸ್ತೆನೇ ಕಾಣಲ್ಲ, ಅದಕ್ಕೇ ಹೊರಗಡೆ ಅಂಗಡೀಲಿ ಫಾಗ್ ಲ್ಯಾಂಪ್ ಹಾಕಿಸಿದ್ದೆ. ಡ್ಯಾಶ್‌ಬೋರ್ಡಲ್ಲಿ ಖಾಲಿ ಇದ್ದ ಜಾಗಕ್ಕೆ ಒಂದು ಸ್ವಿಚ್ ಕೂರಿಸಿಕೊಟ್ರು. ಅದರೊಳಗೆ ಎರಡು ಪುಟಾಣಿ ಬಲ್ಬು, ಒಂದೊಂದೂ 1.2 ವ್ಯಾಟ್. ಪಾರ್ಕಿಂಗ್ ಲೈಟ್ ಹಾಕಿದ್ರೆ ಹಸಿರುದು ಹತ್ತಬೇಕು, ಕತ್ತಲಲ್ಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತಾಗೋಕೆ. ಫಾಗ್ ಆನ್ ಮಾಡಿದ್ರೆ ಹಳದಿದು.

ಒಂದು ಮಳೆಗಾಲ ಸರಿಯಾಗೇ ಇತ್ತು, ಆಮೇಲೆ ಶುರುವಾಯ್ತು ನೋಡಿ ಅದರ ಆಟ. ಪಾರ್ಕಿಂಗ್ ಲೈಟ್ ಒಂದೇ ಹಾಕಿದ್ರೆ ಹಸಿರು ಹಳದಿ ಎರಡೂ ಆರೋ ಕೆಂಡದ ಥರ ಮಿಣಿಮಿಣಿ ಅಂತವೆ. ಪಾರ್ಕಿಂಗ್ ಆಫ್ ಮಾಡಿ ಫಾಗ್ ಒಂದೇ ಹಾಕಿದ್ರೂ ಎರಡೂ ಹತ್ತತ್ತೆ, ಸ್ವಲ್ಪ ಜಾಸ್ತಿ ಬೆಳಕು ಅಷ್ಟೇ. ಎರಡನ್ನೂ ಆನ್ ಮಾಡಿದ್ರೆ? ಎರಡೂ ಆಫ್! ಹೊರಗಡೆ ಫಾಗ್ ಲ್ಯಾಂಪ್ ಮಾತ್ರ ಏನೂ ಆಗಿಲ್ಲ ಅನ್ನೋ ಥರ ಜಗ್ ಅಂತ ಉರೀತಿರತ್ತೆ.

ಮೊದಲನೇ ಭಾನುವಾರ ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಸ್ವಿಚ್ಚನ್ನ ಮುಂದಕ್ಕೆ ಎಳೆದು ಮಲ್ಟಿಮೀಟರ್ ಹಿಡಿದೆ, ಹಸಿರು ಬಲ್ಬಿಗೆ ಬರೋ ವೈರಲ್ಲಿ 4.7 ವೋಲ್ಟ್. ಬ್ಯಾಟರೀಲಿ 12.3 ಇದೆ, ಇಲ್ಲಿ 4.7 ಅಂದ್ರೆ ಮಧ್ಯೆ ಎಲ್ಲೋ ವೈರ್ ಕೊಳೆತಿದೆ ಅಂತ ತೀರ್ಮಾನ ಮಾಡಿ, ಸೀಟಿನ ಕೆಳಗೆ ತಲೆ ಇಟ್ಟು ಕಾಲು ಹೊರಗೆ ಹಾಕ್ಕೊಂಡು ಫ್ಯೂಸ್ ಬಾಕ್ಸ್ ತನಕ ಇದ್ದಬದ್ದ ಟೇಪೆಲ್ಲ ಬಿಚ್ಚಿದೆ. ಏನೂ ಸಿಗ್ಲಿಲ್ಲ, ಕೊನೆಗೆ ಹೊಸ ವೈರೇ ಎಳೆದೆ, ಆದ್ರೂ ಅದೇ 4.7. ಕತ್ತು ಹಿಡ್ಕೊಂಡಿದ್ದೊಂದೇ ಲಾಭ.

ಸರಿ, ಸ್ವಿಚ್ಚೇ ಹೋಗಿದೆ ಅಂತ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ಅದೇ ಅಳತೆದು ಎಲ್‌ಇಡಿ ಇರೋ ಸ್ವಿಚ್ ತಂದೆ. ಎರಡನೇ ಭಾನುವಾರ ಹಾಕಿದ್ರೆ ಯಾವ ಲೈಟೂ ಇಲ್ಲ, ಪೂರ್ತಿ ಕತ್ತಲು. ಅಂಗಡಿಯವನನ್ನ ಮನಸಲ್ಲೇ ಬೈಕೊಂಡು ಹಳೇದನ್ನೇ ವಾಪಸ್ ಹಾಕಿದೆ. ಪಾಪ ಅವನದೇನೂ ತಪ್ಪಿರ್ಲಿಲ್ಲ.

ಮೂರನೇ ಭಾನುವಾರ, ಹಳದಿ ಬಲ್ಬ್ ಸಡಿಲ ಇರ್ಬಹುದೇನೋ ಅಂತ ಅದನ್ನ ಕಿತ್ತೆ ನೋಡಿ, ಹಸಿರುದೂ ಆರಿಹೋಯ್ತು. ಮತ್ತೆ ಹಾಕಿದೆ, ಎರಡೂ ಬಂತು. ಗಣಪತಿ ಪೆಂಡಾಲಿಗೆ ಹಾಕೋ ಸೀರಿಯಲ್ ಸೆಟ್ ಥರ! ಅಲ್ಲಿಗೆ ತಲೆ ಓಡ್ತು. ಈ ಎರಡು ಬಲ್ಬಿಗೂ ಒಂದೇ ಕಾಮನ್ ಅರ್ತ್, ಅಂದ್ರೆ ಕರೆಂಟು ಗಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋಕೆ ಒಂದೇ ಕಪ್ಪು ವೈರು. ಅದು ಆ ತಗಡಿಗೆ ಮುಟ್ಟಿಲ್ಲ ಅಂದ್ರೆ ಹಸಿರು ಬಲ್ಬಿಗೆ ಬಂದ ಕರೆಂಟು ಹಳದಿ ಬಲ್ಬಿನ ಮೂಲಕ ಹಿಂದಕ್ಕೆ ನುಗ್ಗಿ, ಫಾಗ್ ಲ್ಯಾಂಪನ್ನ ಆನ್ ಮಾಡೋ ರಿಲೇಯ (ಕರೆಂಟಿಂದ ಎಳೆಯೋ ಸ್ವಿಚ್ಚು) ಕಾಯಿಲ್ ದಾಟಿ ಅಲ್ಲಿ ಅರ್ತ್ ಹುಡುಕ್ಕೊಳತ್ತೆ. ಅಷ್ಟು ಕಮ್ಮಿ ಕರೆಂಟಿಗೆ ರಿಲೇ ಎಳೆಯಲ್ಲ, ಹಾಗಾಗಿ ಫಾಗ್ ಹತ್ತಲ್ಲ. ಫಾಗ್ ಒಂದೇ ಹಾಕಿದಾಗ ಇದರ ಉಲ್ಟಾ, ಹಳದಿಯಿಂದ ಹಸಿರಿಗೆ ಹೋಗಿ ಪಾರ್ಕಿಂಗ್ ಲೈಟಿನ ಬಲ್ಬುಗಳ ಮೂಲಕ ಅರ್ತ್ ಆಗತ್ತೆ, ಅವುಗಳ ರೆಸಿಸ್ಟೆನ್ಸ್ ಕಾಯಿಲ್‌ಗಿಂತ ತುಂಬಾ ಕಮ್ಮಿ, ಅದಕ್ಕೇ ಬೆಳಕು ಸ್ವಲ್ಪ ಜಾಸ್ತಿ. ಎರಡೂ ಆನ್ ಇದ್ರೆ ಎರಡು ಕಡೆನೂ 12 ವೋಲ್ಟ್, ಕರೆಂಟ್ ಹರಿಯೋಕೆ ಜಾಗನೇ ಇಲ್ಲ. ಎಲ್‌ಇಡಿ ಆದ್ರೆ ಒಂದೇ ದಿಕ್ಕಲ್ಲಿ ಬಿಡೋದು, ಉಲ್ಟಾ ದಾರಿ ಮುಚ್ಚಿಹೋಗಿತ್ತು, ಅದಕ್ಕೇ ಹೊಸ ಸ್ವಿಚ್ ಕಮಕ್ ಕಿಮಕ್ ಅನ್ಲಿಲ್ಲ.

ಮತ್ತೆ ಆ 4.7? ಮೀಟರಿನ ಕಪ್ಪು ಕಡ್ಡೀನ ನಾನು ಹತ್ತಿರ ಸಿಕ್ತು ಅಂತ ಅದೇ ದರಿದ್ರ ಕಪ್ಪು ವೈರಿಗೆ ಸಿಕ್ಕಿಸಿದ್ದೆ! ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ. ಈ ಸಲ ಬ್ಯಾಟರಿ ಮೈನಸ್ಸಿಂದ ಉದ್ದದೊಂದು ವೈರ್ ಒಳಗೆ ತಂದು ಅದಕ್ಕೆ ಮೀಟರ್ ಕಪ್ಪು ಕಡ್ಡಿ ಕೊಟ್ಟು, ಪಾರ್ಕಿಂಗ್ ಒಂದೇ ಹಾಕಿ ಅಳೆದೆ. ಹಸಿರು ಬಲ್ಬಿನ ವೈರಲ್ಲಿ 12.3, ಅರ್ತ್ ಅನ್ಕೊಂಡಿದ್ದ ಕಪ್ಪು ವೈರಲ್ಲಿ 7.6. ಕಳೆದ್ರೆ ಕರೆಕ್ಟಾಗಿ 4.7. ಅರ್ತ್ ವೈರಲ್ಲಿ ಸೊನ್ನೆ ಹತ್ತಿರ ಇರಬೇಕಾಗಿತ್ತು.

ಆ ವೈರ್ ಹಿಡ್ಕೊಂಡು ಹೋದ್ರೆ ಸ್ಟೀರಿಂಗ್ ಕೆಳಗಿನ ಒಂದು ಬ್ರಾಕೆಟ್ಟಿಗೆ ಹೋಗಿ ನಿಂತಿತ್ತು. ಫಿಟ್ ಮಾಡಿದವರು ಪೇಂಟ್ ಕೆರೆಯದೇ ಅದರ ಮೇಲೇ ಲಗ್ (ವೈರಿನ ತುದಿಯ ಲೋಹದ ಬಳೆ) ಇಟ್ಟು ಸ್ಕ್ರೂ ಬಿಗಿದಿದ್ರು. ಅಷ್ಟು ದಿನ ಸ್ಕ್ರೂ ಥ್ರೆಡ್ಡುಗಳೇ ಅರ್ತ್ ಕೊಡ್ತಿದ್ವು ಅನ್ಸತ್ತೆ, ನಮ್ಮ ಕಡೆ ಥಂಡಿಗೆ ಅದೂ ತುಕ್ಕು ಹಿಡಿದು ಕೂತಿತ್ತು. 10ರ ಸ್ಪ್ಯಾನರಲ್ಲಿ ಬ್ಯಾಟರಿ ಮೈನಸ್ ಬಿಚ್ಚಿ, ಬ್ರಾಕೆಟ್ಟನ್ನ ಉಪ್ಪುಕಾಗದದಲ್ಲಿ ತಗಡು ಹೊಳೆಯೋ ತನಕ ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ, ಹಲ್ಲಿರೋ ವಾಷರ್ ಹಾಕಿ ಬಿಗಿದು, ಮೇಲೆ ಚೂರು ಗ್ರೀಸ್ ಸವರಿದೆ. ಅರ್ಧ ಗಂಟೆ ಕೆಲಸ. ಬ್ಯಾಟರಿ ಹಾಕಿ ಮತ್ತೆ ಅಳೆದ್ರೆ ಕಪ್ಪು ವೈರಲ್ಲಿ 0.03 ವೋಲ್ಟ್.

ನೀವು ಏರ್‌ಬ್ಯಾಗ್ ಇರೋ ಗಾಡೀಲಿ ಹೀಗೆ ಸ್ಟೀರಿಂಗ್ ಕೆಳಗೆ ಕೈ ಹಾಕೋದಾದ್ರೆ ಅಲ್ಲಿರೋ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಮಾತ್ರ ಮುಟ್ಟಬೇಡಿ, ಮೀಟರಂತೂ ಹಿಡೀಲೇಬೇಡಿ.

ಈಗ ಹಸಿರುದು ಹಸಿರುದರ ಪಾಡಿಗೆ, ಹಳದಿದು ಹಳದಿದರ ಪಾಡಿಗೆ ಹತ್ತತ್ತೆ. ಜೆ.ಸಿ. ರೋಡಿನ ಎಲ್‌ಇಡಿ ಸ್ವಿಚ್ಚು ಕವರ್ ಸಮೇತ ಗ್ಲೋವ್ ಬಾಕ್ಸಲ್ಲೇ ಬಿದ್ದಿದೆ, 250 ರೂಪಾಯಿ ಅಂತ ಮನೇಲಿ ಇನ್ನೂ ಹೇಳಿಲ್ಲ.